ಸೆರೈಮಾಳ ಮರಳು

ಫಿಜಿಯ ಆ ಪುಟ್ಟ ದ್ವೀಪದಲ್ಲಿ ಪೆನಾಯನಷ್ಟು ಆಮೆ ಹಿಡಿದವರೂ ಇರಲಿಲ್ಲ, ಆಮೇಲೆ ಅವನಷ್ಟು ಆಮೆ ಕಾದವರೂ ಇರಲಿಲ್ಲ. "ಮೊದ್ಲು ತಿನ್ನೋಕೆ ಆಮೆ ಹಿಂದೆ ಹೋದೆ, ಈಗ ಕಾಯೋಕೆ ಹೋಗ್ತೀಯ. ನನ್ನ ಹಿಂದೆ ಯಾವಾಗ ಬರ್ತೀಯೋ!" ಎಂದು ಹೆಂಡತಿ ಸೆರೈಮಾ ಛೇಡಿಸುತ್ತಿದ್ದಳು. ಮಗುವಿಗಾಗಿ ಹಂಬಲಿಸಿ ಹಂಬಲಿಸಿಯೇ ಹೋಗಿಬಿಟ್ಟಳು.

ಸಮಾಧಿಯ ಮೇಲೆ ಬಿಳಿ ಮರಳು ಗುಡ್ಡೆ ಹಾಕುವುದು ಅಲ್ಲಿನ ರೂಢಿ. ಪೆನಾಯ ವರ್ಷವರ್ಷವೂ ದಡದಿಂದ ಬುಟ್ಟಿಯಲ್ಲಿ ಮರಳು ಹೊತ್ತ. ಊರಿಗೆ ಊರೇ ತಮ್ಮವರ ಸಮಾಧಿಗಳಿಗೆ ಹೀಗೇ ಮರಳು ಸಾಗಿಸಿತು. ಆಮೆಗಳು ಮೊಟ್ಟೆಯಿಡುವ ದಿಬ್ಬವೇ ಹೀಗೆ ಕರಗುತ್ತಿದೆಯೆಂದು, ದಿನವೂ ಅದನ್ನು ಕಾಯುತ್ತಿದ್ದ ಅವನಿಗೇ ಹೊಳೆಯಲಿಲ್ಲ. ಉಳಿದಿದ್ದನ್ನು ಸಮುದ್ರ ಕೊರೆಯಿತು.

ಈ ಬೆಳಿಗ್ಗೆ ನೋಡಿದರೆ, ಆಮೆಯೊಂದು ದಿಬ್ಬ ಹುಡುಕಿ ಸೋತು, ಅಲೆ ಮುಟ್ಟುವ ಜಾಗದಲ್ಲೇ ಮೊಟ್ಟೆಯಿಟ್ಟು ಹೋಗಿತ್ತು. ಉಬ್ಬರ ಬಂದರೆ ಎಲ್ಲ ನೀರುಪಾಲು. ಆಳವಾದ ಒಣ ಮರಳು ಇದ್ದುದು ಸ್ಮಶಾನದಲ್ಲಿ ಮಾತ್ರ.

ಒಂದೊಂದು ಮೊಟ್ಟೆಯನ್ನೂ ಹೊರಳದಂತೆ, ಹಸುಗೂಸಿನ ತಲೆ ಹಿಡಿದ ಹಾಗೆ ಹಿಡಿದು ತಂದು, ಅವನು ಹೆಂಡತಿಯ ಸಮಾಧಿಯ ಮರಳು ತೋಡತೊಡಗಿದ. ನಾದಿನಿ ಮಕೆರೆಟಾ ಓಡಿ ಬಂದಳು.

"ತಲೆ ಕೆಟ್ಟಿದ್ಯಾ ಭಾವ? ಅಕ್ಕನ್ನ ಇಲ್ಲೂ ನೆಮ್ಮದಿಯಾಗಿ ಮಲಗೋಕೆ ಬಿಡಲ್ವಾ?"

"ಮರಳು ಅವಳದ್ದಲ್ಲ ಕಣೇ. ಇವುಗಳದ್ದು. ಹೊತ್ತು ತಂದವನು ನಾನೇ."

ಪೆನಾಯ ಮೊಟ್ಟೆಗಳನ್ನಿಟ್ಟು ಗುಂಡಿ ಮುಚ್ಚಿ, ಮೇಲೆ ಅಂಗೈ ಊರಿ ಕೂತ.

"ಸೆರೈಮಾ, ಹುಟ್ಟಿದ ಕೂಡ್ಲೇ ತಿರುಗಿಯೂ ನೋಡ್ದೆ ಹೋಗ್ಬಿಡ್ತವೆ ಇವು," ಎಂದ. "ಅಳ್ಬೇಡ."