ಲೈನ್ ಬಿಡಬೇಡ

ಕೆಳಮನೆಯ ಅಜ್ಜಿಯ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಇಪ್ಪತ್ತು ವರ್ಷ ಹೆಡ್‌ಫೋನು ಒತ್ತಿ ಒತ್ತಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು. ನಿಜವೋ ತಮಾಷೆಯೋ ತಿಳಿಯದು. ಯಾರಾದರೂ ಮಾತಾಡಲು ಶುರುಮಾಡಿದರೆ ಕಣ್ಣು ಮುಚ್ಚಿ, ಆ ಕಿವಿಯನ್ನು ಅವರತ್ತ ವಾಲಿಸಿ ಕೂರುತ್ತಿದ್ದರು. ನಾವು ಚೆನ್ನೈನ ಅಡ್ಯಾರಿನ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದ ಮೊದಲ ವಾರ, ಇವರಿಗೆ ನಿದ್ದೆ ಬಂತೆಂದು ನಾನು ಮಾತು ನಿಲ್ಲಿಸಿದ್ದೆ. "ಹ್ಞೂಂ, ಆಮೇಲೆ?" ಎಂದಿದ್ದರು, ಕಣ್ಣು ತೆರೆಯದೆ.

ಮೂಲ ಕುಂದಾಪುರದ ಕಡೆ. ಗಂಡ ಇಲ್ಲಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಇವರು ಪ್ಯಾರೀಸ್ ಕಾರ್ನರ್ ಹತ್ತಿರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಊರುಗಳಿಗೆ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿದ್ದರು. ನಾನು ಆಫೀಸಿನಿಂದ ಬರುವವರೆಗೆ ನನ್ನ ಏಳನೇ ತರಗತಿಯ ಮಗಳು ಅವರ ಮನೆಯಲ್ಲಿರುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳುವುದು, ಇವಳು ತಮಿಳಿನಲ್ಲಿ ಉತ್ತರಿಸುವುದು. ಅಜ್ಜಿಯನ್ನು ಕರೆಯುತ್ತಿದ್ದುದೂ 'ಪಾಟಿ' ಎಂದೇ.

ಆ ವರ್ಷ ಮಗಳು ಇದ್ದಕ್ಕಿದ್ದಂತೆ ಪ್ರಬಂಧ ಬರೆಯುವುದನ್ನು ಬಿಟ್ಟಳು. ಹಾಳೆ ತುಂಬ ಬರೆಯುತ್ತಿದ್ದ ಹುಡುಗಿ, ಮೊಬೈಲಿನ ಎಐಗೆ ವಿಷಯ ಕೊಟ್ಟು ಬಂದದ್ದನ್ನು ನಕಲು ಮಾಡತೊಡಗಿದಳು. ಗದರಿಸಿದರೆ, "ಅದೇ ನನಗಿಂತ ಚೆನ್ನಾಗಿ ಬರೆಯುತ್ತಲ್ಲಮ್ಮಾ, ನಾನು ಎದುಕ್ಕು, ಯಾಕೆ ಬರೀಬೇಕು?" ಎನ್ನುತ್ತಿದ್ದಳು. ನಾನು ಜಾಹೀರಾತು ಬರೆಯುವವಳು. ನಮ್ಮ ಆಫೀಸಿನಲ್ಲಿ ಆರು ಜನರಿದ್ದ ಮೇಜಿನಲ್ಲಿ ಎಐ ಬಂದ ಮೇಲೆ ಮೂವರೇ ಉಳಿದಿದ್ದೆವು.

ಅಜ್ಜಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನಮ್ಮ ಕೆಲಸಕ್ಕೂ ಯಂತ್ರ ಬಂತು ಕಾಣು ಹೆಣ್ಣೇ. ಲೈನ್ ಜೋಡಿಸೂದು ನಮಗಿಂತ ಬೇಗ. ನಮ್ಮನ್ನೆಲ್ಲ ಬೇರೆ ಸೀಟಿಗೆ ಹಾಕಿದ್ರು. ಆದ್ರೆ ಅದಕ್ಕೂ ಮುಂಚೆ ಒಂದು ದಿನ ಒಬ್ಬಳು ಊರಿಗೆ ಕಾಲ್ ಕೇಳಿದ್ಳು, ಬರೀ ನಂಬರ್ ಹೇಳಿದ್ದು. ಅವಳ ಧ್ವನಿ ಕೇಳಿದ್ದೇ ಗೊತ್ತಾಯ್ತು ನಂಗೆ, ಕೆಟ್ಟ ಸುದ್ದಿಗೆ ಹೆದರ್ತಿದ್ದಾಳೆ ಅಂತ. 'ನಿಂತಿದ್ರೆ ಕೂತ್ಕೊಳ್ಳಿ, ಪಕ್ಕದಲ್ಲಿ ಯಾರಾದ್ರೂ ಇದ್ರೆ ಕರೀರಿ' ಅಂದೆ. ಆಮೇಲೆ ಜೋಡಿಸಿದೆ. ಅವಳ ಅಪ್ಪ ಹೋಗಿದ್ರು. ಅದು ನನ್ನ ಕೆಲಸ ಅಂತ ಯಾರೂ ಹೇಳಿರ್ಲಿಲ್ಲ."

"ಅದೆಲ್ಲ ಪಳಯ ಕಾಲಂ ಪಾಟಿ," ಎಂದು ಮಗಳು ಎದ್ದುಹೋದಳು. ಹಳೇ ಕಾಲದ ಕಥೆ, ಅಷ್ಟೇ.

ಅವಳ ಪ್ರಾಣಸ್ನೇಹಿತೆಯ ಕುಟುಂಬ ಆ ಜೂನಿನಲ್ಲಿ ನಗರದ ಇನ್ನೊಂದು ತುದಿಯ ಮಾಧವರಂಗೆ ಮನೆ ಬದಲಿಸಿತ್ತು. ಆ ಹುಡುಗಿಗೆ ಶಾಲೆಯೂ ಹೊಸತು. ಇಬ್ಬರೂ ದಿನಾ ಮೆಸೇಜು ಮಾಡುತ್ತಿದ್ದರು. ಆಗಸ್ಟಿನಲ್ಲಿ ಒಂದು ದಿನ ನೆಗಡಿಯಾಗಿ ಮಗಳು ಶಾಲೆಗೆ ಹೋಗದೆ ಅಜ್ಜಿಯ ಮನೆಯಲ್ಲಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಸ್ನೇಹಿತೆಯ ಮೆಸೇಜು ಬಂತು. ಅಜ್ಜಿ ಓದಿಸಿದರು. ಹೊಸ ಶಾಲೆ ಅದ್ಭುತವಾಗಿದೆ, ಶಿಕ್ಷಕರು ಪ್ರೋತ್ಸಾಹಿಸುತ್ತಾರೆ, ಅನೇಕ ಗೆಳೆಯರಾಗಿದ್ದಾರೆ, ಎಲ್ಲ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ.

"ಶಾಲೆಯಲ್ಲಿ ಈಗ ಫೋನ್ ಬಿಡ್ತಾರಾ?" ಎಂದರು ಅಜ್ಜಿ.

ಮಗಳು ಮತ್ತೊಮ್ಮೆ ಓದಿದಳು. ಇದನ್ನು ಅವಳು ಬರೆದಿಲ್ಲ, ಅವಳಿಗೆ ಸ್ಪೆಲ್ಲಿಂಗೇ ಬರುವುದಿಲ್ಲ ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಒಪ್ಪಿಕೊಂಡಳು: ಒಂದು ತಿಂಗಳಿಂದ ಇವಳೂ ಎಐ ಬರೆದುಕೊಟ್ಟ ಉತ್ತರವನ್ನೇ ಕಳಿಸುತ್ತಿದ್ದಳು.

"ಹಾಗಾದ್ರೆ ನೀವಿಬ್ರೂ ಮಾತಾಡಿ ಒಂದು ತಿಂಗಳಾಯ್ತು. ಫೋನ್ ಮಾಡು."

ಮಗಳು ಸ್ಪೀಕರಿಗೆ ಹಾಕಿದಳು. ಸ್ನೇಹಿತೆ ಫೋನೆತ್ತಿ ಚೆನ್ನಾಗಿದ್ದೇನೆ ಎಂದಳು. ಹಿಂದಿನಿಂದ "ತಿರುಪತಿ! ತಿರುಪತಿ!" ಎಂದು ಯಾರೋ ಕೂಗುತ್ತಿದ್ದರು. ಬಸ್ ನಿಲ್ದಾಣ! ಮಗಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವಳ ಮೊಣಕೈ ಹಿಡಿದು, ಸುಮ್ಮನಿರು ಎಂದು ಸನ್ನೆ ಮಾಡಿದರು. ಆಮೇಲೆ ಆ ಕಡೆ ಅಳು ಒಡೆಯಿತು. ನಾಲ್ಕು ದಿನದಿಂದ ಯೂನಿಫಾರ್ಮ್ ಹಾಕಿ ಮನೆಯಿಂದ ಹೊರಟು ಮಾಧವರಂ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂರುತ್ತಿದ್ದಳಂತೆ. ಶಾಲೆಯಲ್ಲಿ ಯಾರೂ ಮಾತಾಡಿಸುವುದಿಲ್ಲವಂತೆ. ಅಮ್ಮನ ಹೆಸರಿನಲ್ಲಿ ಜ್ವರದ ರಜಾಪತ್ರವನ್ನೂ ಎಐ ಕೈಲೇ ಬರೆಸಿ ಕಳಿಸಿದ್ದಳು. ಇವತ್ತು ಯಾವುದಾದರೂ ಬಸ್ಸು ಹತ್ತಿ ಹೋಗಿಬಿಡುತ್ತೇನೆ ಎಂದಳು.

"ಲೈನ್ ಬಿಡಬೇಡ," ಎಂದು ಮಗಳ ಕಿವಿಯಲ್ಲಿ ಹೇಳಿ ಅಜ್ಜಿ ಒಳಗೆ ಹೋಗಿ ನನಗೆ ಫೋನು ಮಾಡಿದರು. ನಾನು ಆ ಹುಡುಗಿಯ ತಾಯಿಗೆ ಮಾಡಿದೆ. ಆಕೆ ಕೆಲಸದ ಜಾಗದಿಂದ ಓಡಿ ಆಟೊ ಹಿಡಿದರು.

ಆ ಮೂವತ್ತೈದು ನಿಮಿಷ ಮಗಳು ಏನು ಮಾತಾಡಿದಳೆಂದು ಆಮೇಲೆ ಅಜ್ಜಿಯಿಂದ ತಿಳಿಯಿತು. ಬುದ್ಧಿವಾದ ಒಂದೂ ಇಲ್ಲ. ತನ್ನ ಮೂಗು ಹೇಗೆ ಸೋರುತ್ತಿದೆ ಎಂದು ಹೇಳಿದಳಂತೆ. ಮೂರನೇ ಕ್ಲಾಸಿನಲ್ಲಿ ಇಬ್ಬರೂ ಸೇರಿ ರಬ್ಬರು ತಿಂದದ್ದು, ಈಗ ಇವಳ ಪಕ್ಕದ ಸೀಟಿನಲ್ಲಿ ಕೂರುವವಳ ಗೊಣಗಾಟ, ಎಲ್ಲ ಬಂತಂತೆ. "ನೀನಿಲ್ಲದೆ ನಂಗೂ ಬೇಜಾರು, ನಾನು ಹೇಳಿರ್ಲಿಲ್ಲ," ಎಂದಾಗ ಆ ಹುಡುಗಿ ಮೊದಲ ಸಲ ನಕ್ಕಳಂತೆ. ಕೊನೆಗೆ ಫೋನಿನಲ್ಲಿ ಆ ತಾಯಿಯ ಏದುಸಿರು ಕೇಳಿಸಿತು, ತನ್ನ ಮಗಳ ಹೆಸರು ಕೂಗಿದ್ದೂ ಕೇಳಿಸಿತು. ನನ್ನ ಮಗಳು ಫೋನಿಟ್ಟು ಅಜ್ಜಿಯ ಮಡಿಲಿಗೆ ಮುಖ ಹಾಕಿ ಅತ್ತಳು.

ನಾನು ಓಡೋಡಿ ಬಂದಾಗ ಇಬ್ಬರೂ ಅವಲಕ್ಕಿ ತಿನ್ನುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೇ ಕೂತುಬಿಟ್ಟೆ.

"ಆ ಯಂತ್ರ ಇವತ್ತು ನಿನ್ನ ಹಾಗೆ ಮಾಡ್ತಿತ್ತಾ?" ಎಂದು ಅಜ್ಜಿ ಅವಳನ್ನು ಕೇಳಿದರು.

ಮಗಳು ಯೋಚಿಸಿದಳು. "ಅದು ಚೆನ್ನಾಗೇ ಮಾತಾಡ್ತಿತ್ತು ಪಾಟಿ," ಎಂದು ಈ ಬಾರಿ ಕನ್ನಡದಲ್ಲೇ ಹೇಳಿದಳು. "ಆದ್ರೆ ಅದು ಅವಳ ಜೊತೆ ರಬ್ಬರ್ ತಿಂದಿಲ್ವಲ್ಲ."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕೈತೊಳೆಯಲು ಹೋದಾಗ ನನ್ನತ್ತ ತಿರುಗಿದರು. "ಯಂತ್ರ ಬಂತು ಅಂತ ಹೆದರಿ ಮಗು ಬರೆಯೂದು ಬಿಟ್ಟಿತು. ಆ ಹೆದರಿಕೆ ಎಲ್ಲಿಂದ ಬಂತು ಗೊತ್ತುಂಟಾ? ನಿನ್ನಿಂದ. ಆಫೀಸಿನ ಸುದ್ದಿ ನೀನು ಫೋನಲ್ಲಿ ಹೇಳೂದೆಲ್ಲ ಅವಳಿಗೆ ಕೇಳ್ತದೆ. ಅವಳ ಹತ್ರ ಮಾತ್ರ ನೀನು ಹೇಳೂದಿಲ್ಲ."

ಆ ಸಂಜೆ ಮಗಳಿಗೆ ಹೇಳಿದೆ, ನನ್ನ ಕೆಲಸ ಹೋಗಬಹುದು ಅಂತ ನನಗೂ ಭಯ ಇದೆ ಕಣೇ ಎಂದು.

"ಹೋದ್ರೆ ನಾವೂ ಮನೆ ಬದಲಾಯಿಸ್ಬೇಕಾ? ಅವಳ ಥರ?"

"ಇಲ್ಲ. ಬೇರೆ ಕೆಲಸ ಹುಡುಕ್ತೀನಿ. ಇಲ್ಲೇ ಇರ್ತೀವಿ."

"ಸರಿ ಹಾಗಾದ್ರೆ," ಎಂದು ತಟ್ಟೆ ಎಳೆದುಕೊಂಡಳು. ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದುದು ಇದೇ.

ಮರುವರ್ಷ ಪೊಂಗಲ್ ಕಳೆದ ವಾರ ಅಜ್ಜಿ ಎರಡೇ ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮಾಧವರಂನಿಂದ ತಾಯಿ ಮಗಳು ಇಬ್ಬರೂ ಬಂದಿದ್ದರು. ಆ ಹುಡುಗಿಗೆ ಈಗ ಶಾಲೆಯಲ್ಲಿ ಜೊತೆ ಕೂತು ಊಟ ಮಾಡುವವರಿದ್ದಾರೆ.

ನನ್ನ ಕೆಲಸ ಸದ್ಯಕ್ಕೆ ಇದೆ, ಮುಂದಿನದು ತಿಳಿಯದು. ಮಗಳು ಪ್ರಬಂಧ ತಾನೇ ಬರೆಯುತ್ತಾಳೆ, ತಪ್ಪುಗಳ ಸಮೇತ. ಊಟಕ್ಕೆ ಕೂತಾಗ ಮನಸ್ಸಿನಲ್ಲಿದ್ದುದನ್ನು ಕೇಳಿಬಿಡುತ್ತಾಳೆ. ನನಗೆ ಗೊತ್ತಿದ್ದಷ್ಟನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಈ ನೆಮ್ಮದಿ ಇಟ್ಟುಹೋದವರು ಕೆಳಮನೆಯ ಅಜ್ಜಿ.