ಪಾರಿಶ್ವಾಡಕ್ಕೆ ಹೋಗದ ಕೊಂಡಿ

2001ನೇ ಇಸವಿ ಜೂನ್ 19, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿದ್ದ ಒಂದು ಖಾಸಗಿ ಆರೋಗ್ಯ ಕಾರ್ಯಕರ್ತೆಯರ ತರಬೇತಿ ಕೇಂದ್ರದ ಕಚೇರಿ. ಹಾಜರಿದ್ದವರು ನಾಲ್ವರು: ಕಚೇರಿ ಅಧೀಕ್ಷಕನಾದ ನಾನು, ಟೈಪಿಸ್ಟ್ ಸುಶೀಲಾಬಾಯಿ, ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ ಬಂದಿದ್ದ ನೀಲವ್ವ ಎಂಬ ಅರ್ಜಿದಾರಳು, ಆಕೆಯ ಸೋದರಮಾವ ಯಲ್ಲಪ್ಪ.

ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಕ್ಲರ್ಕ್ ಕೆಲಸ ಮಾಡಿ, ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಈ ಕೇಂದ್ರಕ್ಕೆ ಸೇರಿದ್ದೆ. ಕಂಪ್ಯೂಟರನ್ನು ಐವತ್ತರ ವಯಸ್ಸಿನಲ್ಲಿ ಕಲಿತೆ. ಆ ವರ್ಷ ಹದಿನೆಂಟು ತಿಂಗಳ ತರಬೇತಿಯ ನಲವತ್ತು ಸೀಟಿಗೆ ನಲವತ್ತಾರು ಊರುಗಳಿಂದ 212 ಅರ್ಜಿ ಬಂದಿದ್ದವು. ಮಳೆಗಾಲದಲ್ಲಿ ಖಾನಾಪುರದ ಕಾಡಿನಂಚಿನ ಊರುಗಳಿಗೆ ಟಪಾಲು ತಡವಾಗುತ್ತಿತ್ತು. ಆದ್ದರಿಂದ ಫಲಿತಾಂಶವನ್ನು ವೆಬ್ ಪುಟದಲ್ಲಿ ಹಾಕುತ್ತೇವೆ, ಖಾನಾಪುರ ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ನೋಡಿಕೊಳ್ಳಿ ಎಂದು ಅರ್ಜಿ ನಮೂನೆಯಲ್ಲೇ ಎಲ್ಲರಿಗೂ ತಿಳಿಸಿದ್ದೆವು. ಆಯ್ಕೆಯಾದವರು ಸೋಮವಾರ ಸಂಜೆ ನಾಲ್ಕರೊಳಗೆ ಬಂದು ಸಹಿ ಮಾಡಬೇಕು. ಬಾರದಿದ್ದರೆ ಸೀಟು ಕಾಯುವ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ಈ ನಿಯಮವನ್ನು ಬರೆದವನು ನಾನೇ.

ಪುಟ ಬಹಳ ಉದ್ದವಾಗಿತ್ತು. ತುದಿಯಿಂದ ಬುಡದವರೆಗೆ ಹುಡುಕುವ ಕಷ್ಟ ತಪ್ಪಿಸಲು ಮೇಲೆ ನಲವತ್ತಾರು ಊರುಗಳ ಹೆಸರು ಬರೆದು, ಪ್ರತಿಯೊಂದನ್ನೂ ಕೊಂಡಿ ಮಾಡಿದೆ. ಇದಕ್ಕೆ ಆಂಕರ್ ಟ್ಯಾಗ್ ಎನ್ನುತ್ತಾರೆ. ಅದಕ್ಕೆ ಎರಡು ತುದಿ. ಮೇಲಿನ ತುದಿಯಲ್ಲಿ # ಚಿಹ್ನೆ ಹಾಕಿ ಒಂದು ಗುರುತು ಕೊಡುತ್ತೇವೆ. ಕೆಳಗೆ ಆ ಊರಿನ ಪಟ್ಟಿ ಶುರುವಾಗುವಲ್ಲಿ ಅದೇ ಗುರುತನ್ನು ಇನ್ನೊಮ್ಮೆ ಕೊಡುತ್ತೇವೆ. ಮೇಲಿನ ಹೆಸರನ್ನು ಒತ್ತಿದರೆ ಪುಟ ಕೆಳಗಿನ ಗುರುತಿಗೆ ಜಿಗಿಯುತ್ತದೆ. ಕೆಳಗೆ ಆ ಗುರುತು ಇಲ್ಲದಿದ್ದರೆ ಪುಟ ಕದಲುವುದಿಲ್ಲ. ತಪ್ಪಾಗಿದೆ ಎಂದೂ ಹೇಳುವುದಿಲ್ಲ. ಸುಮ್ಮನಿರುತ್ತದೆ.

ಇದನ್ನು ನಾನು ಕೂಡಿಸಿದ್ದು ಜೂನ್ 14, ಗುರುವಾರ. ನನ್ನ ಹೆಂಡತಿಯ ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ದಿನಾಂಕ ಇರಲಿ ಎಂದು ಬರೆದಿದ್ದೇನೆ. ಆ ದಿನ ಎಂಟಕ್ಕೆ ಕಚೇರಿಗೆ ಬಂದೆ, ಒಂದಕ್ಕೆ ಡಬ್ಬಿ ಬಿಚ್ಚಿದೆ, ಐದಕ್ಕೆ ಎದ್ದೆ. ಡಬ್ಬಿಯಲ್ಲಿ ಏನಿತ್ತೆಂದು ಈಗಲೂ ನೆನಪಿಲ್ಲ.

ಶುಕ್ರವಾರ ಬೆಳಿಗ್ಗೆ ತಾಳೆ ನೋಡಿದೆವು. ನಮ್ಮ ಪದ್ಧತಿಯೆಂದರೆ ಒಬ್ಬರು ಮೂಲ ದಾಖಲೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಬೇಕು. ಪುಟವನ್ನು ಹನ್ನೊಂದು ಹಾಳೆಗಳಲ್ಲಿ ಪ್ರಿಂಟ್ ತೆಗೆದೆವು. ಸುಶೀಲಾಬಾಯಿ ಓದಿದರು, ನಾನು ಗುರುತು ಹಾಕಿದೆ. ಅದಲುಬದಲಾಗಿ ಎರಡನೆಯ ಸಲ, ಮತ್ತೆ ಮೂರನೆಯ ಸಲ. 212 ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಮೊದಲ ಹಾಳೆಯಲ್ಲಿ ನಲವತ್ತಾರು ಊರುಗಳೂ ಅಡಿಗೆರೆಯೊಂದಿಗೆ ಚೆನ್ನಾಗಿ ಕಂಡವು. ಹನ್ನೊಂದು ಹಾಳೆಗೂ ಸಹಿ ಮಾಡಿ, ಸಂಜೆ ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದೆ.

ಮಂಗಳವಾರ ನೀಲವ್ವ ಬಂದದ್ದು ಸೀಟು ಕೇಳುವುದಕ್ಕಲ್ಲ.

"ನನ್ನ ಹತ್ತನೇತ್ತೆ ಮಾರ್ಕ್ಸ್ ಕಾರ್ಡ ಅರ್ಜಿ ಸಂಗಾಟ ಇಟ್ಟಿದ್ನಿರಿ. ಅರ್ಜಿ ನಿಮಗ ಮುಟ್ಟೇ ಇಲ್ಲಂತಲ್ರಿ. ಹಂಗಾರ ಕಾರ್ಡ ಎಲ್ಲಿ ಹೋತ್ರಿ?"

"ಮುಟ್ಟಿಲ್ಲ ಅಂತ ಯಾರ ಹೇಳಿದ್ರವಾ?"

"ಖಾನಾಪುರದ ಸೆಂಟರಿನಾವ್ರಿ. ಶನಿವಾರ ಹೋಗಿದ್ವಿ. ಹಲಸಿ ಅಂತ ಒತ್ತಿದ್ರ ಹಲಸಿಯವರ ಹೆಸರ ಬಂದುವು. ನಮ್ಮೂರ ಮ್ಯಾಲ ಮೂರ ಸಲ ಒತ್ತಿದ. ಏನೂ ಆಗಲಿಲ್ಲ. ನಿಮ್ಮೂರಿಂದ ಒಂದೂ ಅರ್ಜಿ ಹೋಗಿಲ್ಲ ಅಂದ."

ಯಲ್ಲಪ್ಪ ಹೆಗಲ ಮೇಲಿನ ಕಂಬಳಿಯನ್ನು ಮಡಿಚಿ ಕುರ್ಚಿಯ ಕೆಳಗಿಟ್ಟ. "ನಿನ್ನೀನ ಬರಾಕ ಕುಂತಿದ್ಳ್ರಿ ಈಕಿ. ನಾನ ಕುರಿ ಬಿಟ್ಟ ಬರಾಕ ಆಗಲಿಲ್ಲ. ಕಾರ್ಡ ಏನ ಓಡಿ ಹೋಗತೈತೇನವಾ, ನಾಳಿ ಹೋಗೂಣು ಅಂದ್ನಿ."

ನಾನು ಕಡತ ತೆಗೆದೆ. ಏಳನೆಯ ಹಾಳೆ, ಪಾರಿಶ್ವಾಡ, ಕ್ರಮಸಂಖ್ಯೆ 131, ನೀಲವ್ವ, ವಯಸ್ಸು 29. ಮುಂದೆ 'ಸೆಲೆಕ್ಟೆಡ್' ಎಂದಿತ್ತು. ಅದರ ಪಕ್ಕದಲ್ಲಿ ಮೂರು ಸಲದ ಮೂರು ಕೆಂಪು ಗುರುತುಗಳಿದ್ದವು. ಹಾಳೆಯನ್ನು ಆಕೆಯ ಮುಂದಿಟ್ಟೆ. ಬೇರೆ ದಾರಿ ಇರಲಿಲ್ಲ.

ಆಕೆ ಬೆರಳಿಟ್ಟು ಓದಿದಳು. "ಮತ್ತ ಈಗ ಸಹಿ ಮಾಡ್ಲೇನ್ರಿ?"

ನಿನ್ನೆ ನಾಲ್ಕು ಗಂಟೆ ಐದು ನಿಮಿಷಕ್ಕೆ ಆ ಸೀಟನ್ನು ಕಾಯುವ ಪಟ್ಟಿಯ ಮೊದಲ ಹುಡುಗಿಗೆ ಕೊಟ್ಟಿದ್ದೆವು. ಆಕೆಯ ಸಹಿ ಪಡೆದವನು ನಾನು. ಮುಂದಿನ ತಂಡ ಜನವರಿಗೆ; ವಯಸ್ಸಿನ ಮಿತಿ ಮೂವತ್ತು; ನೀಲವ್ವನಿಗೆ ಆಗಸ್ಟಿನಲ್ಲಿ ಮೂವತ್ತು ತುಂಬುತ್ತಿತ್ತು. ಇಷ್ಟನ್ನೂ ಇದೇ ಕ್ರಮದಲ್ಲಿ ಆಕೆಗೆ ಹೇಳಿದೆ. ನಂತರ ತಪ್ಪು ಕಚೇರಿಯದೆಂದು ಅರ್ಧ ಹಾಳೆ ಬರೆದು, ಸಹಿ ಮಾಡಿ, ಪ್ರಿನ್ಸಿಪಾಲ್ ಬಾಯಿಯವರ ಕೋಣೆಗೆ ಒಯ್ದೆ. ಅವರು ಎರಡು ಸಲ ಓದಿದರು. ಸಂಸ್ಥೆಯ ಕಾರ್ಯದರ್ಶಿಗೆ ಫೋನ್ ಮಾಡಿದರು. ಹತ್ತು ನಿಮಿಷ ಮಾತಾಡಿ ರಿಸೀವರ್ ಇಟ್ಟರು.

"ನಲವತ್ತೊಂದನೇ ಸೀಟಿಗೆ ಮಂಜೂರಾತಿ ಇಲ್ಲಂತ್ರಿ. ನಿನ್ನೆ ಸಹಿ ಮಾಡಿದ ಹುಡುಗಿ ಹಾಸ್ಟೆಲಿನಾಗ ಟ್ರಂಕ್ ಇಟ್ಟಾಳ. ಆಕಿದೇನ ತಪ್ಪೈತಿ? ಎಬ್ಬಿಸಿ ಕಳಸ್ಲೇನು, ನೀವ ಹೇಳ್ರಿ."

ಬರೆದ ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಹೊರಬಂದೆ.

ಕಚೇರಿಗೆ ಮರಳಿ, ಸೀಟು ಇಲ್ಲವೆಂದು ನೀಲವ್ವನಿಗೆ ಹೇಳಿ, ಕಂಪ್ಯೂಟರಿನಲ್ಲಿ ಪುಟದ ಮೂಲ ಕೋಡ್ ತೆರೆದೆ. ಕಾರಣ ಎರಡು ನಿಮಿಷಕ್ಕೆ ಸಿಕ್ಕಿತು; ಅದನ್ನು ಅವರಿಬ್ಬರಿಗೂ ಹೇಳಿದೆ. ಹಲಸಿಯ ಪಟ್ಟಿಯನ್ನು ಮೊದಲು ಮಾಡಿ, ಉಳಿದ ಊರುಗಳಿಗೆ ಅದನ್ನೇ ನಕಲು ಮಾಡಿ, ಶೀರ್ಷಿಕೆ, ಹೆಸರು ಮತ್ತು ಗುರುತು ಬದಲಿಸುತ್ತ ಹೋಗಿದ್ದೆ. ಪಾರಿಶ್ವಾಡದಲ್ಲಿ ಶೀರ್ಷಿಕೆ ಬದಲಾಗಿತ್ತು, ಹೆಸರು ಬದಲಾಗಿದ್ದವು, ಗುರುತು ಮಾತ್ರ ಹಲಸಿಯದೇ ಉಳಿದಿತ್ತು. ಗುರುತು ತೆರೆಯ ಮೇಲೆ ಕಾಣುವುದಿಲ್ಲ, ಕಾಗದದ ಮೇಲಂತೂ ಇಲ್ಲವೇ ಇಲ್ಲ. ಮೂರು ಸಲ ತಾಳೆ ನೋಡಿದ್ದು ಕಾಗದವನ್ನು. ಕಾಗದದ ಮೇಲೆ ಯಾವ ಕೊಂಡಿಯೂ ಎಲ್ಲಿಗೂ ಹೋಗುವುದಿಲ್ಲ.

"ಇಷ್ಟ ಮಂದಿ ಓದಿದವರು ಇದ್ದೀರಿ," ಎಂದ ಯಲ್ಲಪ್ಪ, ಹಿಂದಿನಿಂದ. ದನಿ ಏರಿರಲಿಲ್ಲ. "ನಾವು ಸಂಜೀಕ ಕುರಿ ಒಳಗ ಹೊಡಿಯೂ ಮುಂದ ಒಂದೊಂದನ್ನ ಬೆನ್ನ ಮುಟ್ಟಿ ಬಿಡ್ತೇವ್ರಿ. ದೂರ ನಿಂತ ಎಣಿಸಿದ್ರ ಲೆಕ್ಕ ಬರೋಬ್ಬರಿ ಬರತೈತಿ, ಕುರಿ ಇರೂದಿಲ್ಲ."

"ಮಾವಾ, ಸುಮ್ಕಿರು," ಎಂದಳು ನೀಲವ್ವ. "ಅವ್ರ ಮಾರೀ ನೋಡು."

ಗುರುತು ತಿದ್ದಿ ಪುಟವನ್ನು ಮತ್ತೆ ಏರಿಸಿದೆ. ಮೋಡೆಮ್ ಎರಡು ಸಲ ಸಂಪರ್ಕ ಕಡಿದು ಮೂರನೆಯ ಸಲಕ್ಕೆ ಹಿಡಿಯಿತು. ಅಷ್ಟರಲ್ಲಿ ಸುಶೀಲಾಬಾಯಿ ಕಪಾಟಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು ಲಕೋಟೆಗೆ ಹಾಕಿ ಕೊಟ್ಟರು. ನೀಲವ್ವ ಏಳಲಿಲ್ಲ.

"ನಾ ಒಂದ ಸಲ ಒತ್ತಿ ನೋಡ್ಲೇನ್ರಿ?"

ಕುರ್ಚಿ ಬಿಟ್ಟುಕೊಟ್ಟೆ. ಆಕೆಗೆ ಮೌಸ್ ಹಿಡಿಯುವುದು ಗೊತ್ತಿರಲಿಲ್ಲ. ಎರಡೂ ಕೈಯಿಂದ ಹಿಡಿದು ಬಾಣವನ್ನು ಪಾರಿಶ್ವಾಡದ ಮೇಲೆ ತಂದಳು. ಒತ್ತಿದಳು. ಪುಟ ಜಿಗಿದು ನಿಂತಿತು. ಖಾನಾಪುರದ ಯಂತ್ರಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲವೆಂದು ಹೆಸರುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿದ್ದವು. ಆಕೆ ಅಕ್ಷರ ಅಕ್ಷರವಾಗಿ ಓದಿ ತನ್ನ ಹೆಸರಿಗೆ ಬಂದಳು.

"ಐತ್ರಿ," ಎಂದಳು. "ಇಲ್ಲೇ ಐತಿ."

ಸ್ವಲ್ಪ ಹೊತ್ತು ನೋಡಿ ಎದ್ದಳು. ಹನ್ನೆರಡೂವರೆಯ ಖಾನಾಪುರ ಬಸ್ಸಿಗೆ ಇಬ್ಬರೂ ಹೋದರು. ಯಲ್ಲಪ್ಪನ ಕಂಬಳಿ ಕುರ್ಚಿಯ ಕೆಳಗೇ ಉಳಿದಿತ್ತು. ಅದನ್ನು ಹಿಡಿದು ಗೇಟಿನವರೆಗೆ ಹೋಗಿ ಕೊಟ್ಟು ಬಂದೆ.

ಊಟದ ನಂತರ ಪುಟದ ಮೇಲ್ತುದಿಗೆ ಹೋಗಿ ಮೊದಲ ಊರನ್ನು ಒತ್ತಿದೆ. ಜಿಗಿದಲ್ಲಿ ಆ ಊರಿನ ಶೀರ್ಷಿಕೆ ಓದಿದೆ, ಹಿಂದಕ್ಕೆ ಬಂದೆ, ಎರಡನೆಯದನ್ನು ಒತ್ತಿದೆ.

"ಹವಾಲ್ದಾರ ಸಾಹೇಬ್ರ, ಸಹಿ ಎಲ್ಲಾ ಮುಗದಾವು. ಇನ್ನ ಅದನ್ನ ಯಾರ ನೋಡ್ತಾರ್ರಿ?" ಎಂದರು ಸುಶೀಲಾಬಾಯಿ.

"ನಾ ನೋಡ್ತೇನ್ರಿ," ಎಂದೆ.

ಮುಂದೆ ಒಂಬತ್ತು ವರ್ಷ ಆ ಕೇಂದ್ರದಲ್ಲಿ ದುಡಿದೆ. ನನ್ನ ಕೈಕೆಳಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿದ್ದೇನೆ: ಕೊಂಡಿ ಕಟ್ಟಿದವನೇ ಅದರ ಮೇಲೆ ನಡೆದು ಆಚೆ ತುದಿಯಲ್ಲಿ ನಿಂತು ನೋಡಬೇಕು. ನೀಲವ್ವ ಮುಂದೇನು ಮಾಡಿದಳೋ ನನಗೆ ತಿಳಿಯಲಿಲ್ಲ. ವಿಚಾರಿಸಲೂ ಇಲ್ಲ.

ಆ ದಿನ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನಲವತ್ತಾರನೆಯ ಕೊಂಡಿ ಮುಗಿಯಿತು. ದಿನವಹಿಯಲ್ಲಿ 'ಒಂದೊಂದನ್ನೂ ಮುಟ್ಟಿ ನೋಡಲಾಗಿದೆ' ಎಂದು ಬರೆದು, ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ.