ಸುಣ್ಣ ಹಚ್ಚಿದ ಎಲೆ

1907ರಲ್ಲಿ ಮಾರಿಕಣಿವೆಯ ಅಣೆಕಟ್ಟೆಯ ಕೆಲಸ ಮುಗಿಯಿತು. ಅಲ್ಲಿಂದ ಗಾಡಿ ಕಟ್ಟಿಸಿಕೊಂಡು ಹೊಸದುರ್ಗಕ್ಕೆ ಮರಳಿದ ನಮ್ಮ ಪಕ್ಕದ ಮನೆಯ ಮೇಸ್ತ್ರಿಯ ಬಲಗೈ ಹೆಬ್ಬೆರಳು ಅಂದೂ ಬೆಳ್ಳಗಿತ್ತು. ಉಗುರಿನ ಸಂದು, ಗೆಣ್ಣಿನ ಗೆರೆ, ಎಲ್ಲ ಕಡೆ ಸುಣ್ಣ. ಅದರಲ್ಲಿ ಗಾರೆಯ ಸುಣ್ಣ ಎಷ್ಟು, ವೀಳ್ಯದೆಲೆಯ ಸುಣ್ಣ ಎಷ್ಟು ಎಂಬುದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಊಟಕ್ಕೆ ಕೂರುವ ಮೊದಲು ಆಕೆ ಹುಣಸೆಹಣ್ಣು ಕೊಟ್ಟು ತಿಕ್ಕಿಸುತ್ತಿದ್ದರು. ಹೋಗುತ್ತಿರಲಿಲ್ಲ. "ಬಿಡೇ, ಇದು ನನ್ನ ಮೊಹರು" ಎಂದು ಅವರು ತಟ್ಟೆಗೆ ಕೈ ಹಾಕುತ್ತಿದ್ದರು.

ಅವರು ಕಲ್ಲು ಕಟ್ಟುವ ಮೇಸ್ತ್ರಿಯಲ್ಲ, ಜನ ಕೂಡಿಸುವ ಮೇಸ್ತ್ರಿ. ಕಣಿವೆಯಲ್ಲಿ ಕಟ್ಟೆ ಏಳುತ್ತಿದ್ದ ವರ್ಷಗಳಲ್ಲಿ ಎಷ್ಟು ಜನ ಹೋದರೂ ಅಲ್ಲಿಗೆ ಸಾಲುತ್ತಿರಲಿಲ್ಲ. ಕಲ್ಲು ಒಡೆಯಬೇಕು, ಹೊರಬೇಕು, ಸುಣ್ಣದ ಗೂಡು ಉರಿಸಬೇಕು, ಗಾರೆ ಅರೆಯಬೇಕು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಸಂತೆಗಳಲ್ಲಿ ಗುತ್ತಿಗೆದಾರರ ಕಡೆಯವರು ಜನಕ್ಕಾಗಿ ಕಾದು ನಿಲ್ಲುತ್ತಿದ್ದರು. ಒಬ್ಬ ಗಟ್ಟಿ ಆಳು ಕಂಡರೆ ಇಬ್ಬರು ಮೇಸ್ತ್ರಿಗಳು ಆಚೆ ಈಚೆ ನಿಂತು ಮಾತಾಡಿಸುವುದನ್ನು ನಾನೇ ನೋಡಿದ್ದೇನೆ. ನಮ್ಮ ಮೇಸ್ತ್ರಿ ಹಾಗೆ ಯಾರ ಹಿಂದೆಯೂ ಹೋದವರಲ್ಲ. ಊರ ಕಟ್ಟೆಯ ಮೇಲೆ ಎಲೆಯ ಸಂಚಿ ಬಿಚ್ಚಿ ಕೂರುತ್ತಿದ್ದರು. ಜನ ತಾವಾಗಿ ಬರುತ್ತಿದ್ದರು.

ಅವರದು ಎರಡು ನೇಮ. ಮೊದಲನೆಯದು ಎಲೆಯದು. ಎರಡು ವೀಳ್ಯದೆಲೆ, ಒಂದು ಅಡಿಕೆ. ಮೇಲಿನ ಎಲೆಗೆ ಅವರೇ ಹೆಬ್ಬೆರಳಿನಿಂದ ಸುಣ್ಣ ಸವರಿ ಕೈಗೆ ಕೊಡುತ್ತಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಸುಣ್ಣ ಹಚ್ಚಿದ ಎಲೆ ತೆಗೆದುಕೊಂಡವರು ಮೂರನೆಯ ದಿನ ಬೆಳಿಗ್ಗೆ ಗಂಟುಮೂಟೆ ಸಮೇತ ಅವರ ಮನೆಯ ಮುಂದೆ ಇರಬೇಕು. ಬಂದವರಿಗೆ ಅವರು ಕೆಲಸ ಕೊಡಿಸಬೇಕು. ನಾಲ್ಕು ತಾಲ್ಲೂಕಿನಲ್ಲಿ ಈ ಮಾತು ಎಂದೂ ತಪ್ಪಿರಲಿಲ್ಲ.

ಎರಡನೆಯದು ಜಾಗದ್ದು. ಕಣಿವೆಯಲ್ಲಿ ತಮ್ಮ ಜನರಿಗೆ ಕೊಡುವ ಗುಡಿಸಲಿನಲ್ಲಿ ಮೊದಲು ಅವರು ಒಬ್ಬರೇ ಹೋಗಿ ಮಲಗಿ ಬರುತ್ತಿದ್ದರು. ಕುಡಿಯುವ ನೀರು ಎಷ್ಟು ದೂರ, ಹುಲ್ಲು ದಪ್ಪವಾಗಿ ಹೊದಿಸಿದ್ದಾರೋ ಇಲ್ಲವೋ, ಕೂಸಿನ ಜೋಳಿಗೆ ಕಟ್ಟಲು ನೆರಳಿನಲ್ಲಿ ಗಟ್ಟಿ ಕೊಂಬೆ ಇದೆಯೋ ಎಂದೆಲ್ಲ ನೋಡುತ್ತಿದ್ದರು. ಒಮ್ಮೆ ಗುತ್ತಿಗೆದಾರರ ಗುಮಾಸ್ತನಿಗೆ ಬೇಸರವಾಗಿ, "ಮೇಸ್ತ್ರಿ, ನೀವು ಜನ ಬಿಡೋಕೆ ಬಂದಿದೀರೋ, ಮಗಳಿಗೆ ಗಂಡಿನ ಮನೆ ನೋಡೋಕೆ ಬಂದಿದೀರೋ?" ಎಂದನಂತೆ.

"ಎರಡೂ ಒಂದೇ ಕಣಪ್ಪ," ಎಂದರಂತೆ ಇವರು. "ನಮ್ಮ ಹೆಣ್ಮಕ್ಳು ಬಂದು ಇರೋ ಜಾಗ."

ನಾನಾಗ ಹೊಸದುರ್ಗದಲ್ಲಿದ್ದುಕೊಂಡು ಮೈಸೂರಿನ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಮದುವೆಯಾಗಿ ಹೊಸದು. ಮೇಸ್ತ್ರಿಯ ಮನೆಯ ಪಕ್ಕದಲ್ಲೇ ಮನೆ ಕಟ್ಟಿಸಲು ಶುರುಮಾಡಿ ಸಿಕ್ಕಿಬಿದ್ದಿದ್ದೆ. ಗೋಡೆ ಎದ್ದಿತ್ತು, ತೊಲೆ ಕೂತಿತ್ತು, ಮೇಲೆ ಮಣ್ಣಿನ ಮಾಳಿಗೆ ಹೊದಿಸುವುದು ಉಳಿದಿತ್ತು. ತೊಲೆ ಏರಿಸಿದ ಮಾರನೆಯ ವಾರವೇ ಬಡಗಿ ಕಣಿವೆಗೆ ಹೋದ. ಅವನ ಹಿಂದೆಯೇ ಮಣ್ಣಿನ ಆಳುಗಳೂ ಹೋದರು. ಒಂದು ಮೂಲೆಗೆ ತೆಂಗಿನ ಗರಿ ಹೊದಿಸಿಕೊಂಡು ನಾವಿಬ್ಬರೂ ಎರಡು ಮಳೆಗಾಲ ಕಳೆದೆವು. ಊರಿನಲ್ಲಿ ನಮ್ಮಂಥವರು ಬಹಳ ಮಂದಿ ಇದ್ದರು. ಪೇಟೆಯ ಜವಳಿ ಅಂಗಡಿಯ ಯಜಮಾನರ ಹೊಸ ಮನೆಗೆ ಚೌಕಟ್ಟು ಇತ್ತು, ಬಾಗಿಲು ಇತ್ತು, ಬಾಗಿಲಿಗೆ ಬೀಗವೂ ಇತ್ತು. ಮೇಲೆ ಆಕಾಶ.

ಕಣಿವೆಯ ಕೆಲಸ ಇನ್ನೂ ನಡೆಯುತ್ತಿದ್ದ ಆ ಎರಡನೆಯ ವರ್ಷ ಮೇಸ್ತ್ರಿಯ ಒಬ್ಬಳೇ ಮಗಳ ಮದುವೆಯಾಯಿತು. ಗಂಡಿನವರು ರಾಮಗಿರಿಯವರು. ಕಣಿವೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಮೇಸ್ತ್ರಿ ಹೊಸ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಕಂಡಕಂಡವರನ್ನು ತಬ್ಬಿ ಮಾತಾಡಿಸುತ್ತಿದ್ದರು. ತಾಂಬೂಲ ಕೊಡುವುದಕ್ಕೆ ಅವರ ಹೆಂಡತಿ ತಮ್ಮ ತಂಗಿಯನ್ನು ನಿಲ್ಲಿಸಿದ್ದರು. ಮೇಸ್ತ್ರಿ ಹೋಗಿ, "ನನ್ನ ಮಗಳ ಮದುವೆ, ನಾನೇ ಕೊಡ್ತೀನಿ ಬಿಡವ್ವ" ಎಂದು ತಟ್ಟೆ ಕಸಿದುಕೊಂಡರು. ಸಂಜೆಯವರೆಗೂ ಚಪ್ಪರದ ಬಾಗಿಲಲ್ಲಿ ನಿಂತು, ಹೊರಟ ಪ್ರತಿಯೊಬ್ಬರಿಗೂ ನಗುನಗುತ್ತ ಎಲೆ ಅಡಿಕೆ ಕೊಟ್ಟರು. ನನಗೂ ಕೊಟ್ಟರು. ಮನೆಗೆ ಬಂದು ನೋಡಿದರೆ ಮೇಲಿನ ಎಲೆಗೆ ಸುಣ್ಣ ಸವರಿತ್ತು.

ಮದುವೆಮನೆಯ ತಾಂಬೂಲಕ್ಕೆ ಯಾರೂ ಸುಣ್ಣ ಹಚ್ಚಿ ಕೊಡುವುದಿಲ್ಲ. ಅವರ ಹೆಬ್ಬೆರಳಿಗೆ ಅದು ತಿಳಿಯಲಿಲ್ಲ. ವರ್ಷಗಟ್ಟಲೆ ಎಲೆ ಕಂಡೊಡನೆ ಮಾಡುತ್ತಿದ್ದ ಕೆಲಸವನ್ನು ಅಂದೂ ಮಾಡಿತ್ತು.

ಮೂರನೆಯ ದಿನ ಬೆಳಿಗ್ಗೆ ಕೋಳಿಯ ಸದ್ದಿಗೆ ನನಗೆ ಎಚ್ಚರವಾಯಿತು. ನಮ್ಮಲ್ಲಿ ಕೋಳಿ ಇರಲಿಲ್ಲ. ಹೊರಗೆ ಬಂದರೆ ಬೀದಿ ತುಂಬ ಜನ. ಮಡಕೆ, ಕಂಬಳಿ, ಚಾಪೆಯ ಸುರುಳಿ, ಬುಟ್ಟಿಯಲ್ಲಿ ಕೋಳಿ. ಚಪ್ಪರ ಹಾಕಿದ ಬಡಗಿ ಉಳಿ ಬಾಚಿ ಹಿಡಿದು ಬಂದಿದ್ದ. ಹಾಲುರಾಮೇಶ್ವರದ ಕಡೆಯಿಂದ ಓಲಗಕ್ಕೆ ಬಂದಿದ್ದ ಡೋಲಿನವನು ಡೋಲು ಸಮೇತ ಬಂದಿದ್ದ. ಎದುರು ಜಗುಲಿಯಲ್ಲಿ ಕೂಸಿನೊಂದಿಗೆ ಗಂಡ ಹೆಂಡತಿ ಕೂತಿದ್ದರು. ಮೇಸ್ತ್ರಿ ಬಾಗಿಲು ತೆರೆದು ನಿಂತುಬಿಟ್ಟರು.

"ಏನಪ್ಪ ಇದು, ಎಲ್ಲಾ ಯಾವ ಕಡೆ ಹೊಂಟ್ರಿ?"

"ನೀವು ಕರ್ಕಂಡು ಹೋದ ಕಡೆ," ಎಂದ ಡೋಲಿನವನು. "ಏನು ಹೊರಾಕೆ ಹೇಳ್ತೀರೋ ಹೊರ್ತೀನಿ. ಡೋಲು ಮಾತ್ರ ಬಿಟ್ಟು ಬರಾಕಾಗಲ್ಲ."

"ಯಾರಲೇ ನಿಮಗೆ ಹೇಳಿದ್ದು?"

ಕೂಸಿನ ತಾಯಿ ಸೆರಗಿನ ಗಂಟು ಬಿಚ್ಚಿ ಬಾಡಿದ ಎಲೆ ತೋರಿಸಿದಳು. ಅದರ ಮೇಲೆ ಸುಣ್ಣದ ಗೆರೆ ಒಣಗಿತ್ತು. "ಎಮ್ಮೇನ ತಂಗಿ ಮನೇಲಿ ಕಟ್ಟಿ, ಮನೆಗೆ ಬೀಗ ಹಾಕಿ ಬಂದೀವಿ ಯಜಮಾನ್ರೇ" ಎಂದಳು.

ಮೇಸ್ತ್ರಿ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಮಗಳನ್ನು ಕರೆದೊಯ್ಯಲು ಒಳಗೆ ಉಳಿದುಕೊಂಡಿದ್ದ ರಾಮಗಿರಿಯ ಬೀಗರು ಅಷ್ಟರಲ್ಲಿ ಹೊರಬಂದರು. ರುಮಾಲು ಸುತ್ತಿಕೊಳ್ಳುತ್ತ, "ನನಗೂ ಕೊಟ್ಟೀರಿ ಬೀಗರೇ," ಎಂದರು. "ಗುದ್ದಲಿ ನೀವು ಕೊಡ್ತೀರೋ, ನಾನೇ ತರಬೇಕಿತ್ತೋ?" ಬೀದಿಯೆಲ್ಲ ನಕ್ಕಿತು. ಮೇಸ್ತ್ರಿ ನಗಲಿಲ್ಲ. ಎಲ್ಲರಿಗೂ ಅಂಬಲಿ ಕಾಯಿಸಲು ಹೆಂಡತಿಗೆ ಹೇಳಿ, ನಮ್ಮ ಮನೆಯೊಳಗೆ ಬಂದು ಒಂದು ತೊಲೆಯ ಕೆಳಗೆ ಕೂತರು.

ಅವರ ಕಷ್ಟ ನನಗೆ ಗೊತ್ತಿತ್ತು. ಆಗ ಕಣಿವೆಯಲ್ಲಿ ಅವರ ಪಾಲಿನ ಗುಡಿಸಲುಗಳು ತುಂಬಿದ್ದವು. ಹೊಸ ಸಾಲಿಗೆ ಕಂಬ ನೆಟ್ಟಿದ್ದರು, ಹುಲ್ಲು ಇನ್ನೂ ಹೊದಿಸಿರಲಿಲ್ಲ. ಕರೆದುಕೊಂಡು ಹೋದರೆ ಕೂಸುಮರಿ ಬಯಲಲ್ಲಿ ಮಲಗಬೇಕು. ಜ್ವರದ ಕಾಲ ಬೇರೆ. ಹಾಗೆಂದು ವಾಪಸು ಕಳಿಸಿದರೆ ಆ ಎಲೆಗೆ ಇನ್ನು ಬೆಲೆಯಿಲ್ಲ. ಮುಂದಿನ ಸಂತೆಯಿಂದ ಅವರು ಊರ ಕಟ್ಟೆಯ ಮೇಲೆ ಕೂತರೆ ಯಾರೂ ಬರುವುದಿಲ್ಲ.

"ತಪ್ಪಿ ಆದದ್ದು ಅಂತ ಹೇಳಿ," ಎಂದೆ. "ಮದುವೆ ಸಂಭ್ರಮ. ಯಾರೂ ಏನೂ ಅಂದ್ಕೊಳ್ಳೋದಿಲ್ಲ."

"ಅಂದ್ಕೊಳ್ಳಾದಿಲ್ಲ. ಅದೇ ಕಷ್ಟ. ನಕ್ಕೊಂಡು ಹೋಗ್ತಾರೆ. ಆಮೇಲೆ ನಾನು ಎಲೆ ಕೊಟ್ಟಾಗೆಲ್ಲ, ಇದು ಖರೇವೋ ತಮಾಷೆಯೋ ಅಂತ ಕೇಳ್ತಾರೆ." ಅವರು ತಲೆ ಹಿಂದಕ್ಕೆ ಹಾಕಿ ಗೋಡೆಗೆ ಒರಗಿದರು. ಮುಖಕ್ಕೆ ಬಿಸಿಲು ಹೊಡೆಯಿತು. ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. "ಅಲ್ಲಪ್ಪ, ಇದಕ್ಕೆ ಮಾಳಿಗೆ ಯಾಕಿಲ್ಲ?"

ಎರಡು ವರ್ಷ ಪಕ್ಕದಲ್ಲಿದ್ದು ಅವರು ಅದನ್ನು ಕಂಡಿರಲಿಲ್ಲ. ಒಲೆಯ ಮುಂದಿದ್ದ ನನ್ನ ಹೆಂಡತಿಯೇ ಉತ್ತರ ಕೊಟ್ಟಳು. "ಮಾಳಿಗೆ ಹಾಕೋರನ್ನೆಲ್ಲ ನೀವೇ ಕಣಿವೆಗೆ ಕರ್ಕೊಂಡು ಹೋದ್ರಲ್ಲ ಮಾವ."

"ನಿಮ್ಮದೊಂದೇ ಏನವ್ವ ಹಿಂಗಿರಾದು?"

"ಪೇಟೆ ಬೀದೀಲಿ ಒಮ್ಮೆ ನಡೆದು ನೋಡ್ರಿ."

ಮೇಸ್ತ್ರಿ ಎದ್ದರು. ಪೇಟೆಯ ಬೀದಿ, ಕೋಟೆಯ ಬೀದಿ, ತಾಲ್ಲೂಕು ಕಚೇರಿಯ ಹಿಂದಿನ ಓಣಿ ಸುತ್ತಿ ಬಂದರು. ಬಂದಾಗ ಅವರ ಮುಖ ಮದುವೆಯ ದಿನದ ಹಾಗೆ ಇತ್ತು. ಬೀದಿಯ ನಡುವೆ ನಿಂತು, "ಕಣಿವೆಗೆ ಗುಡಿಸಲು ಆದ ಮೇಲೆ ಹೋಗಾಣ," ಎಂದರು. "ಅಲ್ಲೀವರೆಗೆ ಕೆಲಸ ಇಲ್ಲೇ ಐತೆ. ಎಲೆ ತಗಂಡೋರು ಯಾರೂ ಹೋಗಬ್ಯಾಡ್ರಿ. ಕುಂತ್ಕಳ್ರಿ, ಅಂಬಲಿ ಕುಡೀರಿ."

ನೇಮ ಬಿಡುವವರಲ್ಲ. ಆ ರಾತ್ರಿ ಚಾಪೆ ತಂದು ನಮ್ಮ ಮಾಳಿಗೆಯಿಲ್ಲದ ಪಡಸಾಲೆಯಲ್ಲೇ ಮಲಗಿದರು. ಬೆಳಿಗ್ಗೆ ಬೆನ್ನು ಕೆರೆದುಕೊಳ್ಳುತ್ತ, "ಜಾಗ ಪರವಾಗಿಲ್ಲ, ಇರುವೆ ಜಾಸ್ತಿ" ಎಂದು ಹೇಳಿ ಜನರನ್ನು ಒಳಕ್ಕೆ ಬಿಟ್ಟರು.

ಬಡಗಿ ತೊಲೆಗಳ ಮೇಲೆ ಅಡ್ಡಕ್ಕೆ ಜಂತೆ ಜೋಡಿಸಿದ. ಗಂಡಸರು ಕೆರೆಯ ಆಚೆಯಿಂದ ನೀರು ಇಳಿಯಗೊಡದ ಕರಲು ಮಣ್ಣು ಹೊತ್ತು ತಂದರು. ಬಿದಿರಿನ ಸೀಳು, ಅದರ ಮೇಲೆ ಲಕ್ಕಿ ಸೊಪ್ಪು, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು. ಕೊನೆಗೆ ಹೆಂಗಸರು ಮರದ ಬಡಿಗೆ ಹಿಡಿದು ಮೇಲೆ ಹತ್ತಿದರು. ಮಾಳಿಗೆಯ ಮಣ್ಣು ಒಂದೇ ಸಮನೆ ಬಡಿದರೆ ಮಾತ್ರ ಗಟ್ಟಿಯಾಗುತ್ತದೆ. ಹೆಣ್ಣಿನ ಕಡೆಯವರದು ಒಂದು ಸಾಲು, ಗಂಡಿನ ಕಡೆಯವರದು ಇನ್ನೊಂದು ಸಾಲು. ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡು ಅರ್ಧಕ್ಕೆ ನಿಂತಿತ್ತಂತೆ, ಅದನ್ನು ಅಲ್ಲಿ ಮುಂದುವರಿಸಿದರು. ಬೀಗಿತ್ತಿ ಏಣಿ ಹತ್ತುವಾಗ ಏಣಿಯೇ ಅತ್ತಿತೆಂದು ಈ ಸಾಲು ಹಾಡಿದರೆ, ಈ ಮನೆಯ ಪಾಯಸದಲ್ಲಿ ಬೆಲ್ಲ ಹುಡುಕಲು ದೀಪ ಹಚ್ಚಬೇಕಾಯಿತೆಂದು ಆ ಸಾಲು ಹಾಡಿತು. ಒಂದೊಂದು ನುಡಿಗೂ ಬಡಿಗೆ ಬೀಳುತ್ತಿತ್ತು. ಡೋಲಿನವನು ಎರಡು ಬುಟ್ಟಿ ಮಣ್ಣು ಹೊತ್ತ ಮೇಲೆ ಮೇಸ್ತ್ರಿ ಅವನನ್ನು ಕೆಳಗೆ ಕೂರಿಸಿ, "ನಿನ್ನ ಕೆಲಸ ಇದೇ, ಬಾರಿಸಪ್ಪ" ಎಂದರು. ಅವನಿಗೂ ಕೂಲಿ ಎಲ್ಲರಷ್ಟೇ. ಬೀಗರು ನಿಜಕ್ಕೂ ಗುದ್ದಲಿ ಹಿಡಿದು ಮಣ್ಣು ಕಲಸಿದರು. ಸಂಜೆ ಅಂಗೈಯ ಬೊಬ್ಬೆ ತೋರಿಸಿ, "ಹೆಣ್ಣು ತಗಂಡಿದ್ದಕ್ಕೆ ವಸೂಲಿ ಮಾಡಿದ್ರಿ" ಎಂದರು.

ಮಾರನೆಯ ದಿನ ಸದ್ದು ಕೇಳಿ ಜವಳಿ ಅಂಗಡಿಯ ಯಜಮಾನರೇ ಓಡಿ ಬಂದರು. "ಮೊದಲು ನಮ್ಮನೆ ಮಾಡಿಕೊಡ್ರಿ ಮೇಸ್ತ್ರಿ."

"ಮಾಡಾಣ. ಬಾಗಿಲ ಹತ್ರ ನೆರಳಲ್ಲಿ ಕುಡಿಯೋ ನೀರಿನ ಹಂಡೆ ಇರಲಿ. ಹಿತ್ತಲ ಬೇವಿನ ಮರಕ್ಕೆ ಜೋಳಿಗೆ ಕಟ್ಟತಾರೆ, ಬ್ಯಾಡ ಅನ್ನಬಾರದು. ಮಧ್ಯಾಹ್ನ ಬಿಸಿಲಲ್ಲಿ ಯಾರನ್ನೂ ಮ್ಯಾಲೆ ಹತ್ತಿಸಾದಿಲ್ಲ. ಮೈ ಬೆಚ್ಚಗಾದೋರಿಗೆ ಗಂಜಿ. ಕಣಿವೇಲಿ ಏನು ಕೂಲಿಯೋ ಇಲ್ಲೂ ಅದೇ."

"ಊರ ಕೆಲಸಕ್ಕೆ ಇಷ್ಟೆಲ್ಲ ಯಾರು ಕೇಳಿದ್ರು ಇದುವರೆಗೆ?"

"ಯಾರೂ ಕೇಳಿರಲಿಲ್ಲ. ಅದಕ್ಕೇ ಎಲ್ಲಾ ಕಣಿವೆಗೆ ಹೋದ್ರು."

ಯಜಮಾನರು ಮೇಸ್ತ್ರಿಯ ಜೊತೆ ಪೇಟೆಗೆ ಹೋಗಿ, ತಮ್ಮ ಬೀಗ ಹಾಕಿದ ಬಾಗಿಲನ್ನೂ ಅದರ ಮೇಲಿನ ಆಕಾಶವನ್ನೂ ನೋಡಿದರು. ಆಮೇಲೆ ಹಂಡೆ ತರಲು ಆಳಿಗೆ ಕೂಗಿದರು.

ಕಣಿವೆಯ ಗುಡಿಸಲಿಗೆ ಹುಲ್ಲು ಬಿತ್ತೆಂಬ ಸುದ್ದಿ ಬರುವವರೆಗೆ ಆ ಮದುವೆಯ ಜನ ಊರಿನಲ್ಲೇ ಇದ್ದರು. ಒಂದು ಮಾಳಿಗೆ ಮುಗಿದ ಮೇಲೆ ಅದರ ಕೆಳಗೇ ಮಲಗಿ ಮುಂದಿನ ಮನೆಗೆ ಹೋಗುತ್ತಿದ್ದರು. ಹಗಲೆಲ್ಲ ಒಂದಲ್ಲ ಒಂದು ಬೀದಿಯಿಂದ ಡೋಲು, ಬಡಿಗೆ, ಹೆಂಗಸರ ನಗು ಕೇಳಿಸುತ್ತಿತ್ತು. ಕಚೇರಿಗೆ ಹೋಗುವವರು ನಿಂತು ಹಾಡು ಕೇಳಿ ಹೋಗುತ್ತಿದ್ದರು. ಕೂಸಿನ ತಾಯಿ ಮತ್ತು ಅವಳ ಗಂಡ ಕಣಿವೆಗೆ ಹೋಗಲೇ ಇಲ್ಲ. ಊರಿನಲ್ಲಿ ಮಾಳಿಗೆಯ ಕೆಲಸ ಹಿಡಿದು ಇಲ್ಲೇ ನಿಂತರು. ಎಮ್ಮೆಯನ್ನೂ ಕರೆತಂದರು. ಉಳಿದವರನ್ನು ಮೇಸ್ತ್ರಿ ತಾವು ಮಲಗಿ ಎದ್ದು ಬಂದ ಹೊಸ ಸಾಲಿಗೆ ಕರೆದೊಯ್ದರು.

ಕಟ್ಟೆ ಮುಗಿದ ಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಕೊನೆಯ ದಿನಗಳಲ್ಲಿ ನಾನು ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ. "ಸೋರ್ತೈತೇನಪ್ಪ?"

"ಇಲ್ಲ ಮೇಸ್ತ್ರಿ."

"ಬೀಗರು ಮಣ್ಣು ಚೆನ್ನಾಗಿ ಕಲಸಿದ್ರು. ಅವರ ಮುಂದೆ ಹೇಳಬ್ಯಾಡ."

ಒಂದು ಕಾರ್ತಿಕದಲ್ಲಿ, ಬೆಳಗಿನ ಪೂಜೆ ಮುಗಿಸಿ ಒರಗಿ ಕೂತಲ್ಲೇ ಅವರು ಹೋದರು. ಎಲೆಯ ಸಂಚಿ ಅಳಿಯನ ಕೈಗೆ ಬಂತು. ಆತ ಈಗ ರಾಮಗಿರಿ, ಹೊಳಲ್ಕೆರೆಯ ಕಡೆ ಕೆಲಸಗಳಿಗೆ ಹಾಗೆಯೇ ಸುಣ್ಣ ಸವರಿದ ಎಲೆ ಕೊಟ್ಟು ಜನ ಕೂಡಿಸುತ್ತಾನೆ. ಹೊಸ ಜಾಗಕ್ಕೆ ಮೊದಲು ತಾನೊಬ್ಬನೇ ಹೋಗಿ ಮಲಗಿ ಬರುತ್ತಾನೆ.

ಈ ವರ್ಷ ಆತನ ಮಗಳ ಮದುವೆಯಾಯಿತು. ನಾವಿಬ್ಬರೂ ಹೋಗಿದ್ದೆವು. ಹೊರಡುವಾಗ ಚಪ್ಪರದ ಬಾಗಿಲಲ್ಲಿ ಆತನ ಹೆಂಡತಿ ಎಲ್ಲರಿಗೂ ತಾಂಬೂಲ ಕೊಡುತ್ತಿದ್ದಳು. ಆತ ಪಕ್ಕದಲ್ಲಿ ನಿಂತು ಮಾತಾಡಿಸುತ್ತಿದ್ದ. ಎರಡೂ ಕೈ ಬೆನ್ನ ಹಿಂದೆ ಇದ್ದವು.